ನಾಳಿನ ಸುಸ್ತು ನೋಡಿ ಇಂದಿನ ವ್ಯಾಯಾಮ: ಲಾಂಗ್ ಕೋವಿಡ್‌ನಿಂದ ಚೇತರಿಸಿಕೊಳ್ಳುತ್ತಿರುವವರಿಗೆ

ದಾದರ್ ಸ್ಟೇಷನ್ನಿನ ಸೇತುವೆ ಹತ್ತುವಾಗ ಏದುಸಿರು ಬರುವುದು ಮುಂಬಯಿಯಲ್ಲಿ ಯಾರಿಗೂ ಹೊಸದಲ್ಲ. ಆದರೆ ಸೋಮವಾರ ಆ ಸೇತುವೆಯನ್ನು ಆರಾಮಾಗಿ ಹತ್ತಿಳಿದವರು ಬುಧವಾರ ಬೆಳಿಗ್ಗೆ ಹಲ್ಲುಜ್ಜಲೂ ಆಗದೆ ಮತ್ತೆ ಮಲಗಿಬಿಟ್ಟರೆ ಅದು ಬೇರೆಯೇ ಲೆಕ್ಕ. ಕೋವಿಡ್ ಬಂದುಹೋಗಿ ತಿಂಗಳುಗಟ್ಟಲೆ ಆದಮೇಲೂ ಹೀಗಾಗುತ್ತಿರುವವರಿಗೆ ಮನೆಯವರು, ನೆರೆಯವರು, ಜಿಮ್ಮಿನವರು ಎಲ್ಲರೂ ಹೇಳುವುದು ಒಂದೇ: "ಕೂತು ಕೂತು ಮೈ ಜಡ್ಡುಗಟ್ಟಿದೆ, ಎದ್ದು ನಾಲ್ಕು ಸುತ್ತು ಹಾಕು, ಸರಿಹೋಗ್ತದೆ." ಕೆಲವರ ಮಟ್ಟಿಗೆ ಈ ಮಾತು ಸರಿಯೇ. ಇನ್ನು ಕೆಲವರನ್ನು ಇದೇ ಮಾತು ಹಾಸಿಗೆ ಹಿಡಿಸುತ್ತದೆ. ನೀವು ಯಾವ ಕಡೆಯವರು ಎಂದು ತಿಳಿಯುವ ಮೊದಲು ಒಂದು ಬಸ್ಕಿಯನ್ನೂ ಹೊಡೆಯಬೇಡಿ.

ಮೊದಲು ಡಾಕ್ಟರ ಕಡೆಯಿಂದ ಆಗಬೇಕಾದದ್ದು

ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರಿನಲ್ಲಿ ಕೊಟ್ಟ ವ್ಯಾಖ್ಯೆಯ ಪ್ರಕಾರ, ಸೋಂಕು ಶುರುವಾಗಿ ಸಾಮಾನ್ಯವಾಗಿ 3 ತಿಂಗಳ ನಂತರವೂ ಇರುವ, ಕನಿಷ್ಠ 2 ತಿಂಗಳು ಕಾಡಿದ, ಬೇರೆ ಕಾಯಿಲೆಯಿಂದ ಬಂದದ್ದು ಎನ್ನಲಾಗದ ತೊಂದರೆಗಳೇ ಲಾಂಗ್ ಕೋವಿಡ್. ಕೊನೆಯ ಷರತ್ತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ರಕ್ತಹೀನತೆ, ಥೈರಾಯ್ಡ್, ಹತೋಟಿ ತಪ್ಪಿದ ಸಕ್ಕರೆ, ಬಿ12 ಕೊರತೆ, ಹೃದಯದ ತೊಂದರೆ ಎಲ್ಲವೂ ಇದೇ ಸುಸ್ತನ್ನೇ ಕೊಡುತ್ತವೆ. ಹಿಮೋಗ್ಲೋಬಿನ್, ಥೈರಾಯ್ಡಿನ ಟಿಎಸ್‌ಎಚ್, ಸಕ್ಕರೆ, ಇಸಿಜಿ, ಎದೆಯ ಎಕ್ಸ್‌ರೇ ಇಷ್ಟಾದರೂ ಆಗಿರಲಿ. ಎದೆನೋವು ಅಥವಾ ಡವಡವ ಇದ್ದರೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಬೇಕೇ ಎಂದು ನೀವೇ ಬಾಯಿಬಿಟ್ಟು ಕೇಳಿ. ಕೋವಿಡ್ ಸಮಯದಲ್ಲಿ ಹೃದಯದ ಸ್ನಾಯುವಿಗೆ ಉರಿಯೂತ ಆಗಿತ್ತು ಎಂದು ದಾಖಲೆಯಲ್ಲಿದ್ದರೆ, ಬೆವರು ಹರಿಸುವ ವ್ಯಾಯಾಮಕ್ಕೆ 3ರಿಂದ 6 ತಿಂಗಳ ಬಿಡುವು ಬೇಕು. ಆಮೇಲೂ ಹೃದಯತಜ್ಞರು ಸರಿ ಎಂದ ಮೇಲೆಯೇ.

ಫಿಸಿಯೋಥೆರಪಿಗೆ ದುಬಾರಿ ಕ್ಲಿನಿಕ್ಕೇ ಆಗಬೇಕೆಂದಿಲ್ಲ. ಪರೇಲಿನ ಕೆಇಎಂ, ಸಾಯನ್, ನಾಯರ್ ಆಸ್ಪತ್ರೆಗಳಲ್ಲಿ ಈ ವಿಭಾಗವಿದೆ. ಹಾಜಿ ಅಲಿಯಲ್ಲಿ ಪುನಶ್ಚೇತನಕ್ಕೆಂದೇ ಕೇಂದ್ರ ಸರ್ಕಾರದ ಸಂಸ್ಥೆಯೊಂದು ದಶಕಗಳಿಂದ ಇದೆ. ಕೇಸ್ ಪೇಪರ್ ಮಾಡಿಸಲು ಹೋಗುವಾಗ ಹಳೆಯ ಡಿಸ್ಚಾರ್ಜ್ ಕಾರ್ಡ್, ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ ಜೊತೆಗಿರಲಿ. ಅಂದು ತೆಗೆಸಿದ ಎದೆಯ ಸ್ಕ್ಯಾನಿನ ಎಚ್‌ಆರ್‌ಸಿಟಿ ಸ್ಕೋರ್ 25ಕ್ಕೆ ಎಷ್ಟಿತ್ತು ಎಂಬುದು ಹಲವರಿಗೆ ಬಾಯಿಪಾಠವಾಗಿರುತ್ತದೆ. ಅದು ಆವತ್ತಿನ ಶ್ವಾಸಕೋಶದ ಚಿತ್ರ, ಇವತ್ತು ನೀವೆಷ್ಟು ನಡೆಯಬಲ್ಲಿರಿ ಎಂದು ಅದರಿಂದ ತಿಳಿಯುವುದಿಲ್ಲ. ಮನೆಯಲ್ಲೇ ಇದ್ದು ಗುಣವಾದವರಲ್ಲೂ ಲಾಂಗ್ ಕೋವಿಡ್ ಸಾಕಷ್ಟಿದೆ.

ಏಳು ದಿನದ ಡೈರಿ

ಶ್ರಮದ ಮರುದಿನ ಅಥವಾ ಅದರಾಚೆಯ ದಿನ ಸುಸ್ತು, ಮೈಕೈ ನೋವು, ತಲೆಭಾರ, ಮಂಕು ಏಕಾಏಕಿ ಹೆಚ್ಚುವುದನ್ನು ಫಿಸಿಯೋಗಳು ಪಿಇಎಂ ಎನ್ನುತ್ತಾರೆ. ನಾವಿಲ್ಲಿ ಮರುಪೆಟ್ಟು ಎನ್ನೋಣ. ಸಾಮಾನ್ಯ ಆಯಾಸ ಕೆಲಸ ಮಾಡುವಾಗಲೇ ಬಂದು ಒಂದು ರಾತ್ರಿಯ ನಿದ್ದೆಗೆ ಇಳಿಯುತ್ತದೆ. ಮರುಪೆಟ್ಟು 12ರಿಂದ 72 ಗಂಟೆ ತಡವಾಗಿ ಬಂದು, ದಿನಗಟ್ಟಲೆ, ಒಮ್ಮೊಮ್ಮೆ ವಾರಗಟ್ಟಲೆ ಕೂರುತ್ತದೆ. ತಡವಾಗಿ ಬರುವುದರಿಂದಲೇ ಕಾರಣ ಕಣ್ಣಿಗೆ ಬೀಳುವುದಿಲ್ಲ. ಬುಧವಾರದ ಸುಸ್ತಿಗೆ ಬುಧವಾರದ ತಿಂಡಿಯನ್ನು ದೂರುತ್ತೇವೆ, ಸೋಮವಾರದ ಸೇತುವೆ ನೆನಪಿಗೇ ಬರುವುದಿಲ್ಲ.

ಆದ್ದರಿಂದ ಏಳು ದಿನ ಏನನ್ನೂ ಬದಲಿಸದೆ ಬರೆಯಿರಿ. ಹಾಲಿನ ಲೆಕ್ಕದ ಪುಸ್ತಕದಂಥ ಸಣ್ಣ ನೋಟ್‌ಬುಕ್ ಸಾಕು. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಪಲ್ಸ್ ಎಷ್ಟು. ನಿದ್ದೆ ಎಷ್ಟು ಗಂಟೆ, ಎದ್ದಾಗ ಮೈ ಹಗುರವಿತ್ತೇ. ದಿನದ ಕೆಲಸಗಳು ಮತ್ತು ಪ್ರತಿಯೊಂದಕ್ಕೂ ಎಷ್ಟು ನಿಮಿಷ. ಆಗ ಎಷ್ಟು ಶ್ರಮ ಅನ್ನಿಸಿತು, 0ಯಿಂದ 10ರೊಳಗೆ. ರಾತ್ರಿ ಮಲಗುವಾಗ ಸುಸ್ತು ಎಷ್ಟು, ಅದೂ 10ಕ್ಕೆ. ಶ್ರಮದ ಅಂಕಕ್ಕೆ ಅಳತೆ ಇದು: ಮಲಗಿದ್ದರೆ 0, ಹಾಡು ಗುನುಗುತ್ತಾ ಮಾಡಬಹುದಾದದ್ದು 2, ಮಾತಾಡಬಹುದು ಆದರೆ ಹಾಡಲಾಗದು ಎಂದರೆ 3 ಅಥವಾ 4, ಎರಡು ಶಬ್ದಕ್ಕೊಮ್ಮೆ ಉಸಿರು ಎಳೆಯಬೇಕಾದರೆ 7.

ತಲೆಯ ಕೆಲಸವನ್ನೂ ಬರೆಯಲು ಮರೆಯಬೇಡಿ. ಎರಡು ಗಂಟೆಯ ಜೂಮ್ ಮೀಟಿಂಗ್, ಜಿಎಸ್‌ಟಿ ಲೆಕ್ಕ, ಸೊಸೈಟಿಯ ಸಭೆಯಲ್ಲಿ ನಡೆದ ಜಗಳ ಇವುಗಳಿಗೂ ಮರುಪೆಟ್ಟು ಬರುತ್ತದೆ. ಎಷ್ಟೋ ಡೈರಿಗಳಲ್ಲಿ ಬಿಟ್ಟುಹೋಗುವುದು ಇದೇ ಸಾಲು. ಆಗ "ಏನೂ ಮಾಡಲಿಲ್ಲ, ಆದರೂ ಸುಸ್ತು" ಎಂಬ ಒಗಟು ಉಳಿಯುತ್ತದೆ.

ಏಳನೇ ದಿನ ಪುಟಗಳನ್ನು ಹಿಂದಿನಿಂದ ಓದಿ. ಕೆಟ್ಟ ದಿನಕ್ಕೆ ಬೆರಳಿಟ್ಟು ಒಂದು, ಎರಡು, ಮೂರು ದಿನ ಹಿಂದಕ್ಕೆ ಹೋಗಿ ನೋಡಿ. ಎರಡು ಸಲ ಒಂದೇ ಜೋಡಿ (ಮೊದಲು ಶ್ರಮ, ಆಮೇಲೆ ಕೆಟ್ಟ ದಿನ) ಕಂಡರೆ ನಿಮಗೆ ಮರುಪೆಟ್ಟು ಇದೆ ಎಂದೇ ಇಟ್ಟುಕೊಂಡು ಮುಂದುವರಿಯಿರಿ. ವಾರದಲ್ಲಿ ಏನೂ ಸ್ಪಷ್ಟವಾಗದಿದ್ದರೆ ಇನ್ನೊಂದು ವಾರ ಬರೆಯಿರಿ.

ನಿಂತಾಗ ತಲೆ ಸುತ್ತುವವರ ಪರೀಕ್ಷೆ

ನಿಂತರೆ ಎದೆ ಡವಡವ, ಕಣ್ಣು ಕತ್ತಲೆ, ಸ್ನಾನ ಮಾಡಿ ಬಂದರೆ ಮಲಗಲೇಬೇಕು ಅನ್ನಿಸುವವರು ಇದನ್ನು ಮನೆಯಲ್ಲೇ ಮಾಡಬಹುದು. ಪಕ್ಕದಲ್ಲಿ ಒಬ್ಬರು ಇರಲೇಬೇಕು. 10 ನಿಮಿಷ ಅಂಗಾತ ಮಲಗಿ ಬಿಪಿ, ಪಲ್ಸ್ ಬರೆದುಕೊಳ್ಳಿ. ಎದ್ದು ಗೋಡೆಗೆ ಭುಜ ಒರಗಿಸಿ, ಹಿಮ್ಮಡಿ ಗೋಡೆಯಿಂದ ಅರ್ಧ ಅಡಿ ಮುಂದಿಟ್ಟು 10 ನಿಮಿಷ ಸುಮ್ಮನೆ ನಿಲ್ಲಿ. ಕಾಲು ಅಲ್ಲಾಡಿಸಬೇಡಿ, ಮಾತಾಡಬೇಡಿ. ಮೀನಖಂಡ ಬಿಗಿದರೆ ರಕ್ತ ಮೇಲಕ್ಕೆ ಒತ್ತಿ ಹೋಗಿ ಫಲಿತಾಂಶವೇ ಕೆಡುತ್ತದೆ. ಜೊತೆಗಿರುವವರು ನಿಮಿಷಕ್ಕೊಮ್ಮೆ ಪಲ್ಸ್ ಮತ್ತು ಬಿಪಿ ಬರೆಯಲಿ. ಬಿಪಿ ಬೀಳದೆ ಪಲ್ಸ್ ಮಾತ್ರ 30ಕ್ಕಿಂತ ಹೆಚ್ಚು ಏರಿ ಅಲ್ಲೇ ನಿಂತರೆ ಅದು ನಿಂತಾಗ ಹೃದಯ ಅತಿಯಾಗಿ ಬಡಿಯುವ ಪಾಟ್ಸ್ ಎಂಬ ತೊಂದರೆಯ ಸೂಚನೆ. 12ರಿಂದ 19 ವರ್ಷದವರಿಗೆ ಈ ಮಿತಿ 40. ಮೇಲಿನ ಬಿಪಿ 20ರಷ್ಟು ಇಳಿದರೆ ಅದು ಬೇರೆ ಸಮಸ್ಯೆ. ಎರಡರಲ್ಲಿ ಯಾವುದು ಕಂಡರೂ ಹಾಳೆ ಹಿಡಿದು ಡಾಕ್ಟರ ಹತ್ತಿರ ಹೋಗಿ. ತಲೆ ಸುತ್ತಿದ ಕೂಡಲೇ ಪರೀಕ್ಷೆ ನಿಲ್ಲಿಸಿ ಮಲಗಿ; ಹತ್ತು ನಿಮಿಷ ಪೂರೈಸುವ ಹಟ ಬೇಡ.

ಮರುಪೆಟ್ಟು ಇಲ್ಲದವರಿಗೆ ಮಾತ್ರ ಇನ್ನೊಂದು ಪರೀಕ್ಷೆ. ಕೈಯಿಲ್ಲದ ಕುರ್ಚಿಯಲ್ಲಿ ಕೂತು, ತೋಳು ಎದೆಗೆ ಕಟ್ಟಿ, ಬೆರಳಿಗೆ ಆಕ್ಸಿಮೀಟರ್ ಹಾಕಿ, ಒಂದು ನಿಮಿಷದಲ್ಲಿ ಎಷ್ಟು ಸಲ ಎದ್ದು ಕೂರುತ್ತೀರಿ ಎಂದು ಎಣಿಸಿ. ಆಮ್ಲಜನಕ 3 ಅಂಕ ಅಥವಾ ಹೆಚ್ಚು ಇಳಿದರೆ ವ್ಯಾಯಾಮ ಅಲ್ಲಿಗೇ ಬಿಟ್ಟು ಶ್ವಾಸಕೋಶದ ತಜ್ಞರನ್ನು ಕಾಣಿ. ಉಗುರುಬಣ್ಣ, ಎಸಿಯಲ್ಲಿ ತಣ್ಣಗಾದ ಬೆರಳು, ಅಲುಗಾಡುವ ಕೈ ಇವು ಆಕ್ಸಿಮೀಟರಿಗೆ ಸುಳ್ಳು ಹೇಳಿಸುತ್ತವೆ. ಅರ್ಧ ನಿಮಿಷ ಅಂಕ ನಿಂತಮೇಲೆ ಓದಿ.

ಮರುಪೆಟ್ಟು ಇರುವವರ ದಾರಿ

"ವಾರಕ್ಕಿಷ್ಟು ಹೆಚ್ಚಿಸುತ್ತಾ ಹೋಗಿ" ಎಂಬ ಪದ್ಧತಿ ಇವರಿಗಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆ ಇದೇ ಲಕ್ಷಣವಿರುವ ದೀರ್ಘ ಆಯಾಸದ ಕಾಯಿಲೆಗೆ ಆ ಪದ್ಧತಿ ಬೇಡವೆಂದು 2021ರಲ್ಲಿ ತನ್ನ ಮಾರ್ಗಸೂಚಿಯಿಂದ ಕೈಬಿಟ್ಟಿತು. 2024ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಅಧ್ಯಯನವೊಂದರಲ್ಲಿ 25 ಲಾಂಗ್ ಕೋವಿಡ್ ರೋಗಿಗಳಿಂದ ಸೈಕಲ್ ತುಳಿಸಿ, ತುಳಿಯುವ ಮುನ್ನ ಮತ್ತು ಮರುದಿನ ತೊಡೆಯ ಸ್ನಾಯುವಿನ ಚೂರು ತೆಗೆದು ನೋಡಿದ್ದರು. ಮರುದಿನದ ಚೂರಿನಲ್ಲಿ ಸ್ನಾಯುವಿನ ಹಾನಿ ಹೆಚ್ಚಿತ್ತು, ಜೀವಕೋಶದ ಒಳಗೆ ಶಕ್ತಿ ತಯಾರಾಗುವ ಕೆಲಸವೂ ಕುಂದಿತ್ತು. ಅಂದರೆ ಇದು ಸೋಮಾರಿತನವಲ್ಲ, ಮನಸ್ಸಿನ ದೌರ್ಬಲ್ಯವೂ ಅಲ್ಲ. ಮನೆಯ ಹಿರಿಯರಿಗೆ ಈ ಪ್ಯಾರಾ ಓದಿ ಹೇಳಿ.

ಇಲ್ಲಿ ಕೆಲಸಕ್ಕೆ ಬರುವುದು ಹಾಸಿಗೆ ಇದ್ದಷ್ಟು ಕಾಲು ಚಾಚುವ ಲೆಕ್ಕ. ಹಾಸಿಗೆ ಎಷ್ಟಿದೆ ಎಂದು ಡೈರಿ ಹೇಳುತ್ತದೆ. ಮರುಪೆಟ್ಟು ಬಾರದ ದಿನಗಳಲ್ಲಿ ಒಟ್ಟಿಗೆ ಎಷ್ಟು ನಿಮಿಷ ನಿಂತಿರಿ, ನಡೆದಿರಿ ಎಂದು ನೋಡಿ, ಅದರ ಮುಕ್ಕಾಲು ಪಾಲನ್ನು ನಿಮ್ಮ ಮಿತಿ ಎಂದಿಟ್ಟುಕೊಳ್ಳಿ. 12 ನಿಮಿಷ ನಡೆದರೆ ತೊಂದರೆ ಇಲ್ಲ ಎಂದಿದ್ದರೆ 9ಕ್ಕೆ ನಿಲ್ಲಿಸಿ. ಇನ್ನೂ ನಡೆಯಬಹುದು ಅನ್ನಿಸುವಾಗಲೇ ಕೂರಬೇಕು, ಮಾಡಲು ಕಷ್ಟವಾದದ್ದು ಇದೇ.

ಪಲ್ಸಿನಿಂದಲೂ ಒಂದು ಎಚ್ಚರಿಕೆ ಗಂಟೆ ಕಟ್ಟಿಕೊಳ್ಳಬಹುದು. ಏಳು ಬೆಳಗಿನ ಪಲ್ಸಿನ ಸರಾಸರಿಗೆ 15 ಕೂಡಿಸಿ. 72 ಇದ್ದರೆ 87. ಕೈಗಡಿಯಾರದಲ್ಲಿ ಅಲಾರಂ ಇದ್ದರೆ ಅಲ್ಲಿಗಿಡಿ, ಬಡಿದಾಗ ಕೂತು ಉಸಿರು ಬಿಡಿ. ಮೊದಲ ದಿನ ಸ್ನಾನಕ್ಕೂ ಬಡಿಯುತ್ತದೆ. ಗಾಬರಿ ಬೇಡ, ಯಾವ ಕೆಲಸ ಎಷ್ಟು ದುಬಾರಿ ಎಂದು ತಿಳಿಯಲು ಅದು. ಬಿಪಿಗೆ ಮೆಟೊಪ್ರೊಲಾಲ್, ಅಟೆನೊಲಾಲ್ ಥರದ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಲೆಕ್ಕ ಹಿಡಿಯದು. ಮಾತ್ರೆ ಪಲ್ಸನ್ನು ಹಿಡಿದಿಟ್ಟಿರುತ್ತದೆ, ಅವರು ಶ್ರಮದ ಅಂಕವನ್ನೇ ನಂಬಲಿ.

ದುಬಾರಿ ಕೆಲಸಗಳಲ್ಲಿ ಸ್ನಾನಕ್ಕೇ ಮೊದಲ ಸ್ಥಾನ. ಬಿಸಿನೀರಿಗೆ ಚರ್ಮದ ರಕ್ತನಾಳ ಹಿಗ್ಗುತ್ತವೆ, ನಿಂತಿರುವುದರಿಂದ ರಕ್ತ ಕಾಲಿಗಿಳಿಯುತ್ತದೆ, ತಲೆ ತಿಕ್ಕಲು ಕೈ ಭುಜದ ಮೇಲಿರುತ್ತದೆ; ಮೂರೂ ಒಟ್ಟಿಗೆ. ಹಾಗಾಗಿ ಪ್ಲಾಸ್ಟಿಕ್ ಸ್ಟೂಲ್ ಹಾಕಿ ಕೂತು ಮೀಯಿರಿ. ಬಾಲ್ದಿಯನ್ನು ನೆಲದ ಮೇಲಿಡದೆ ಇನ್ನೊಂದು ಸ್ಟೂಲಿನ ಮೇಲಿಟ್ಟರೆ ಚೊಂಬು ಎತ್ತುವ ಪ್ರತಿ ಸಲ ಬಗ್ಗುವುದು ತಪ್ಪುತ್ತದೆ. ನೀರು ಉಗುರುಬೆಚ್ಚಗಿರಲಿ. ತಲೆಸ್ನಾನ ಮತ್ತು ಹೊರಗೆ ಹೋಗುವ ಕೆಲಸ ಒಂದೇ ದಿನ ಬೇಡ. ಮಿಂದಮೇಲೆ ಟವೆಲ್ ಸುತ್ತಿಕೊಂಡು 10 ನಿಮಿಷ ಮಲಗಿ, ಆಮೇಲೆ ಬಟ್ಟೆ. ಅಡುಗೆಮನೆಯಲ್ಲೂ ಹೀಗೆಯೇ: ತರಕಾರಿ ಕೂತು ಹೆಚ್ಚಿ, ದೋಸೆಹಿಟ್ಟು ರುಬ್ಬಿದ ದಿನವೇ ದೋಸೆ ಹುಯ್ಯಲು ನಿಲ್ಲಬೇಡಿ.

ವ್ಯಾಯಾಮ ಎಂದರೆ ಇವರಿಗೆ ಮೊದಲು ಮಲಗಿಕೊಂಡು ಮಾಡುವಂಥದ್ದು. ಪಾದ ಮೇಲೆ ಕೆಳಗೆ 10 ಸಲ. ಹಿಮ್ಮಡಿಯನ್ನು ಹಾಸಿಗೆಯ ಮೇಲೇ ಜಾರಿಸುತ್ತಾ ಮಂಡಿ ಮಡಚಿ ಚಾಚುವುದು ಕಾಲಿಗೆ 5 ಸಲ. ಮಂಡಿ ಮಡಚಿ ಸೊಂಟ ನಾಲ್ಕು ಬೆರಳೆತ್ತರ ಎತ್ತಿ 3 ಸೆಕೆಂಡು ಹಿಡಿದು ಇಳಿಸುವುದು 5 ಸಲ. 30 ಸೆಕೆಂಡಿನ ಚಲನೆಗೆ 90 ಸೆಕೆಂಡಿನ ವಿಶ್ರಾಂತಿ. ಉಸಿರು ಕಟ್ಟಬಾರದು, ಶ್ರಮ 2 ದಾಟಬಾರದು. ಒಂದು ದಿನ ಮಾಡಿ, ಮೂರು ದಿನ ಬಿಟ್ಟು ನೋಡಿ. ಮರುಪೆಟ್ಟು ಇಲ್ಲದಿದ್ದರೆ ದಿನ ಬಿಟ್ಟು ದಿನ. ಇಷ್ಟರಲ್ಲೂ ಮರುಪೆಟ್ಟು ಬಂತೆಂದರೆ ವ್ಯಾಯಾಮ ಸದ್ಯಕ್ಕೆ ಬೇಡ. ನಿತ್ಯದ ಕೆಲಸವೇ ನಿಮ್ಮ ವ್ಯಾಯಾಮ.

ಪಾಟ್ಸ್ ಇದ್ದವರಿಗೂ ಮಲಗಿದ ವ್ಯಾಯಾಮದಿಂದಲೇ ಆರಂಭ, ಆಮೇಲೆ ಕೂತು, ನಿಲ್ಲುವುದು ಕೊನೆಗೆ. ದಿನಕ್ಕೆ 2ರಿಂದ 3 ಲೀಟರ್ ನೀರು, ತೊಡೆಯವರೆಗಿನ ಬಿಗಿ ಸ್ಟಾಕಿಂಗ್ಸ್, ಡಾಕ್ಟರು ಒಪ್ಪಿದರೆ ಹೆಚ್ಚು ಉಪ್ಪು. ಕರಾವಳಿಯವರ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಬಿಪಿ, ಕಿಡ್ನಿ, ಹೃದಯದ ತೊಂದರೆಯವರು ಮಾತ್ರ ಕೇಳದೆ ಉಪ್ಪು ಏರಿಸಬಾರದು.

ಉಸಿರು

ಆಸ್ಪತ್ರೆಯಿಂದ ಬರುವಾಗ ಕೊಟ್ಟ ಮೂರು ಚೆಂಡಿನ ಸ್ಪೈರೋಮೀಟರ್ ಇನ್ನೂ ಹಲವು ಮನೆಗಳ ಶೋಕೇಸಿನಲ್ಲಿದೆ. ಅದನ್ನು ಊದುವವರೇ ಹೆಚ್ಚು. ಅದು ಊದುವ ಸಾಧನವಲ್ಲ, ನಿಧಾನವಾಗಿ ಒಳಗೆಳೆದು ಚೆಂಡನ್ನು ಮೇಲೆ ಹಿಡಿಯಬೇಕಾದ್ದು. ಇಷ್ಟಕ್ಕೂ ತಿಂಗಳುಗಳ ನಂತರ ಉಳಿಯುವ ಏದುಸಿರಿನಲ್ಲಿ ಎಷ್ಟೋ ಸಲ ಶ್ವಾಸಕೋಶಕ್ಕಿಂತ ಉಸಿರಾಟದ ರೂಢಿಯೇ ಕೆಟ್ಟಿರುತ್ತದೆ: ಬಾಯಿಂದ, ಎದೆಯ ಮೇಲ್ಭಾಗದಿಂದ, ಬೇಗ ಬೇಗ. ಅಲ್ಲಿ ಚೆಂಡು ಏರಿಸಿ ಪ್ರಯೋಜನವಿಲ್ಲ.

ತಲೆಯ ಕೆಳಗೆ ಒಂದು, ಮಂಡಿಯ ಕೆಳಗೆ ಒಂದು ದಿಂಬಿಟ್ಟು ಮಲಗಿ. ಒಂದು ಕೈ ಎದೆಯ ಮೇಲೆ, ಒಂದು ಹೊಕ್ಕುಳ ಮೇಲೆ. ಮೂಗಿನಿಂದ ಎಳೆದಾಗ ಕೆಳಗಿನ ಕೈ ಮಾತ್ರ ಏಳಬೇಕು. ಎಳೆಯುವುದು 3 ಎಣಿಕೆ, ಬಿಡುವುದು 4 ಅಥವಾ 5. ದೊಡ್ಡ ಉಸಿರು ಬೇಡ. ಪಕ್ಕದವರಿಗೆ ಕೇಳಿಸುವಷ್ಟಿದ್ದರೆ ಅದು ಹೆಚ್ಚಾಯಿತು. 5 ನಿಮಿಷ, ದಿನಕ್ಕೆ ಎರಡು ಮೂರು ಸಲ. ಬೆರಳಲ್ಲಿ ಜುಮ್ಮೆಂದರೆ, ತಲೆ ಹಗುರಾದರೆ ಹೆಚ್ಚು ಎಳೆಯುತ್ತಿದ್ದೀರಿ ಎಂದರ್ಥ, ನಿಲ್ಲಿಸಿ. ಕಪಾಲಭಾತಿ, ಭಸ್ತ್ರಿಕಾ ಈ ಹಂತದಲ್ಲಿ ಬೇಡ, ರಭಸದ ಉಸಿರು ಇದೇ ತೊಂದರೆಯನ್ನು ಹೆಚ್ಚಿಸುತ್ತದೆ.

ದಾರಿಯಲ್ಲಿ ಉಸಿರು ಹತ್ತಿದರೆ ರೇಲಿಂಗಿಗೆ ಮುಂಗೈಯೂರಿ ಸೊಂಟದಿಂದ ಮುಂದಕ್ಕೆ ಬಾಗಿ, ದೀಪ ಅಲುಗುವಷ್ಟು ಮೆಲ್ಲಗೆ, ಸೀಟಿ ಹಾಕುವಂತೆ ಕೂಡಿಸಿದ ತುಟಿಗಳಿಂದ ಬಿಡಿ. ಮೆಟ್ಟಿಲಲ್ಲಿ ನಿಂತಾಗ ಉಸಿರೆಳೆದು, ಬಿಡುತ್ತಾ ಎರಡು ಮೆಟ್ಟಿಲು, ಮತ್ತೆ ನಿಲ್ಲುವುದು. ಹಿಂದಿನಿಂದ ಗುಂಪು ನೂಕುವಾಗ ಇದಾಗದು. ಗಾಡಿ ಇಳಿದ ಜನ ಹತ್ತಿ ಹೋಗಲಿ, ಎರಡು ನಿಮಿಷ ಬೆಂಚಿನಲ್ಲಿ ಕೂತು ಆಮೇಲೆ ಹೊರಡಿ.

ಮರುಪೆಟ್ಟು ಇಲ್ಲದವರ ದಾರಿ

ಇವರ ಸಮಸ್ಯೆ ಬಹುಮಟ್ಟಿಗೆ ಸೊರಗಿದ ಸ್ನಾಯು. ಇವರು ಹಂತ ಹಂತವಾಗಿ ಏರಬಹುದು, ಪ್ರತಿ ಹಂತದಲ್ಲೂ ಕನಿಷ್ಠ 7 ದಿನ ನಿಂತು.

ಮೊದಲ ವಾರ ಸಮತಟ್ಟಾದ ಜಾಗದಲ್ಲಿ 5 ನಿಮಿಷದ ನಡಿಗೆ ದಿನಕ್ಕೆರಡು ಸಲ, ಶ್ರಮ 2. ಚಾಳಿನ ಉದ್ದನೆಯ ವರಾಂಡವೇ ಸಾಕು. ಸುಸ್ತಾದರೆ ಮನೆ ಅಲ್ಲೇ ಇರುತ್ತದೆ. ಶಿವಾಜಿ ಪಾರ್ಕಿನ ಸುತ್ತು ಒಂದು ಕಿಲೋಮೀಟರಿಗಿಂತ ಹೆಚ್ಚು, ಮೊದಲ ವಾರಕ್ಕದು ದೊಡ್ಡದು. ಆದರೆ ಸುತ್ತಲೂ ಕೂರಲು ಕಟ್ಟೆ ಇರುವುದು ಮುಂದಿನ ಹಂತಕ್ಕೆ ಅನುಕೂಲ. ಎರಡನೇ ವಾರ ನಡಿಗೆ 10 ನಿಮಿಷ, ಜೊತೆಗೆ ದಿನ ಬಿಟ್ಟು ದಿನ ಬಲದ ವ್ಯಾಯಾಮ: ಕುರ್ಚಿಯಿಂದ ಎದ್ದು ಕೂರುವುದು 6, ಗೋಡೆಗೆ ಕೈಯೂರಿ ದಂಡ 6, ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು 10, ಇಂಥ ಎರಡು ಸುತ್ತು, ನಡುವೆ 2 ನಿಮಿಷ ಬಿಡುವು. ಮೂರನೇ ವಾರದಿಂದ ಶ್ರಮ 3, 4ಕ್ಕೆ ಏರಲಿ: 5 ನಿಮಿಷ ಚುರುಕು ನಡಿಗೆ, ಕೂತು ಉಸಿರು ಸಮವಾಗುವವರೆಗೆ ವಿಶ್ರಾಂತಿ, ಮತ್ತೆ 5 ನಿಮಿಷ. ಆಮೇಲಷ್ಟೇ ಮೆಟ್ಟಿಲು, ಒಂದು ಮಹಡಿಯಿಂದ ಶುರು.

ಒಂದು ವಾರಕ್ಕೆ ಒಂದನ್ನೇ ಹೆಚ್ಚಿಸಿ: ಸಮಯವನ್ನೋ, ವೇಗವನ್ನೋ, ಎಣಿಕೆಯನ್ನೋ. ಮೂರನ್ನೂ ಏರಿಸಿದರೆ ಎಡವಿದ್ದು ಎಲ್ಲಿ ಎಂದು ತಿಳಿಯುವುದಿಲ್ಲ. ಈ ದಾರಿಯಲ್ಲೂ ಮರುದಿನದ ಡೈರಿ ನಿಲ್ಲಿಸಬೇಡಿ. ಭಾರ ಹೆಚ್ಚಿದ ಮೇಲಷ್ಟೇ ಮರುಪೆಟ್ಟು ತಲೆಯೆತ್ತುವುದೂ ಉಂಟು. ಊಟದಲ್ಲಿ ಬೇಳೆ, ಮೊಟ್ಟೆ, ಮೀನು, ಮೊಸರು ಯಾವುದಾದರೊಂದು ಪ್ರತಿ ಹೊತ್ತಿಗೂ ಇರಲಿ. ಬರೀ ಅನ್ನ ಸಾರಿನಿಂದ ತೊಡೆ ತುಂಬಿಕೊಳ್ಳುವುದಿಲ್ಲ. ಅಕ್ಟೋಬರ್ ಹೀಟಿನಲ್ಲಿ, ಮೇ ತಿಂಗಳಲ್ಲಿ ನಡಿಗೆ ಬೆಳಿಗ್ಗೆ 7ರೊಳಗೆ ಮುಗಿಯಲಿ. ಮುಂಬಯಿಯ ಬೆವರು ಆರುವುದೇ ಇಲ್ಲ, ಅದೇ ನಡಿಗೆಗೆ ಪಲ್ಸ್ ಹೆಚ್ಚು ಏರುತ್ತದೆ.

ಕೆಲಸಕ್ಕೆ ಮರಳುವಾಗ

ಲೋಕಲ್ ಪ್ರಯಾಣವನ್ನೇ ಒಂದು ವ್ಯಾಯಾಮ ಎಂದು ಲೆಕ್ಕಕ್ಕೆ ಹಿಡಿಯಿರಿ. ಡೊಂಬಿವಲಿಯಿಂದ ಫಾಸ್ಟ್ ಗಾಡಿಯಲ್ಲಿ ನೇತಾಡಿಕೊಂಡು ಹೋಗುವುದಕ್ಕಿಂತ ಅಲ್ಲಿಂದಲೇ ಹೊರಡುವ ಸ್ಲೋ ಗಾಡಿಯಲ್ಲಿ ಕೂತು ಹೋಗುವುದು ಮೈಗೆ ಎಷ್ಟೋ ಅಗ್ಗ, ಹೊತ್ತು ಹೆಚ್ಚಾದರೂ. ಕೆಲಸಕ್ಕೆ ಸೇರುವ ಎರಡು ವಾರ ಮೊದಲು ಜನ ಕಡಿಮೆಯಿರುವ ಹೊತ್ತಿನಲ್ಲಿ ಅರ್ಧ ದಾರಿ ಹೋಗಿ ಬನ್ನಿ, ಮೂರು ದಿನ ಕಾಯಿರಿ. ಆಮೇಲೆ ಪೂರ್ತಿ ದಾರಿ. ಆಫೀಸಿನಲ್ಲಿ ವಾರಕ್ಕೆ ಎರಡು ದಿನ, ಅದೂ ನಡುವೆ ಬಿಡುವಿಟ್ಟು, ಕೇಳಿಕೊಳ್ಳುವುದು ಒಳ್ಳೆಯದು.

ಹೋಟೆಲ್ ಕೆಲಸದವರ ಪಾಡು ಇದಕ್ಕಿಂತ ಕಷ್ಟ: ದಿನವಿಡೀ ನಿಲುವು, ಒಲೆಯ ಶಾಖ. ಮಾಲೀಕರಿಗೆ ಹೇಳುವಾಗ "ಸುಸ್ತು" ಎನ್ನದೆ, ಏನು ಬೇಕೆಂದು ನಿಖರವಾಗಿ ಹೇಳಿ: ಮೊದಲ ತಿಂಗಳು ತವೆಯ ಮುಂದೆ ಬೇಡ, ಗಲ್ಲೆಯಲ್ಲಿ ಅಥವಾ ಪಾರ್ಸೆಲ್ ಕೌಂಟರಿನಲ್ಲಿ ಸ್ಟೂಲ್ ಹಾಕಿ ಕೂರಿಸಿ, ಗಂಟೆಗೊಮ್ಮೆ 10 ನಿಮಿಷ ಕಾಲು ಚಾಚಲು ಬಿಡಿ.

ಮರುಪೆಟ್ಟು ಬಂದೇಬಿಟ್ಟರೆ

ಎಲ್ಲ ವ್ಯಾಯಾಮ ನಿಲ್ಲಿಸಿ. ಕತ್ತಲು ಮಾಡಿದ ಕೋಣೆಯಲ್ಲಿ ಮಲಗಿ, ಮೊಬೈಲ್ ದೂರವಿಡಿ. ತೆರೆ ನೋಡುವುದು ವಿಶ್ರಾಂತಿಯ ಲೆಕ್ಕಕ್ಕೆ ಬಾರದು. ನೀರು, ಹಗುರ ಊಟ, ಗಂಟೆಗೊಮ್ಮೆ ಪಾದ ಆಡಿಸುವುದು ಇಷ್ಟೇ. ಮರುಪೆಟ್ಟಿಗೆ ಮೊದಲಿನ ಸ್ಥಿತಿಗೆ ಬಂದಮೇಲೂ ಇನ್ನೆರಡು ದಿನ ಕಾಯಿರಿ, ಹಳೆಯ ಪ್ರಮಾಣದ ಅರ್ಧದಿಂದ ಮತ್ತೆ ಶುರುಮಾಡಿ. ಬಹುಪಾಲು ಜನ ಎಡವುವುದು ಹಾಸಿಗೆಯಿಂದ ಎದ್ದ ಮೊದಲ ಒಳ್ಳೆಯ ದಿನದಂದು: ಬಾಕಿ ಬಟ್ಟೆ, ಬ್ಯಾಂಕು, ಬಜಾರು ಎಲ್ಲವನ್ನೂ ಅಂದೇ ಮುಗಿಸಲು ಹೋಗುತ್ತಾರೆ.

ಎದೆ ಹಿಂಡಿದಂತೆ ನೋವು, ಪ್ರಜ್ಞೆ ತಪ್ಪುವುದು, ಒಂದೇ ಕಾಲು ಊದಿ ಮೀನಖಂಡ ನೋಯುವುದು, ವಿಶ್ರಾಂತಿಯಲ್ಲೂ ಆಮ್ಲಜನಕ 92ಕ್ಕಿಂತ ಕೆಳಗಿರುವುದು, ಬಾಯಿ ಸೊಟ್ಟಗಾಗುವುದು ಇವು ಮರುಪೆಟ್ಟಲ್ಲ. ಡೈರಿ ಬರೆಯುತ್ತಾ ಕೂರದೆ 108ಕ್ಕೆ ಫೋನ್ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಹೋಗಿ.

ಮಳೆಗಾಲದಲ್ಲಿ ಜ್ವರವೋ ಮತ್ತೊಮ್ಮೆ ಕೋವಿಡ್ಡೋ ಬಂದುಹೋದರೆ ಹಳೆಯ ಹಂತದಿಂದಲೇ ಮುಂದುವರಿಸಬೇಡಿ. ಲಕ್ಷಣ ಪೂರ್ತಿ ಇಳಿದು ಒಂದು ವಾರವಾಗಲಿ. ಬೆಳಗಿನ ಪಲ್ಸ್ ಮೊದಲಿನ ಸರಾಸರಿಗೆ ಮರಳಿದೆಯೇ ನೋಡಿ, ಹೊಸ ಪುಟದಲ್ಲಿ ಮತ್ತೆ ಏಳು ದಿನ ಬರೆಯಿರಿ.